ರಿಪೇರಿ ಆದ ಮೇಲೂ ಹಳೇ ಪಿಕಪ್ ಹೀಟ್ ಆಗುತ್ತಿದೆಯೇ? ಮತ್ತೆ ಹೆಡ್ ಬಿಚ್ಚಿಸುವ ಮುಂಚೆ ಈ ಕ್ರಮದಲ್ಲಿ ನೋಡಿ

ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಹಾಳೆ) ಹಾಕಿಸಿದ್ದಾಯಿತು, ವಾಟರ್ ಬಾಡಿ (ನೀರು ಸುತ್ತಿಸುವ ಪಂಪ್) ಹೊಸದು, ರೇಡಿಯೇಟರ್ ಕೂಡ ಕ್ಲೀನ್ ಆಯಿತು. ಆದರೂ ಮಂಡ್ಯ ಬಿಟ್ಟ ಗಾಡಿ ಮದ್ದೂರು ಮುಟ್ಟುವಷ್ಟರಲ್ಲಿ ಮೀಟರ್ ಮುಳ್ಳು ಕೆಂಪಿಗೆ ಹೋಗಿ ಕೂರುತ್ತದೆ. ಮತ್ತೆ ಗ್ಯಾರೇಜು, ಮತ್ತೆ ಹೆಡ್ ಇಳಿಸುವ ಮಾತು, ಮತ್ತೆ ಒಂದು ವಾರ ಬಾಡಿಗೆ ಖೋತಾ.

ರಿಪೇರಿಗೆ ಮುಂಚೆ ಇಲ್ಲದ ಕಾಯಿಲೆ ರಿಪೇರಿ ಆದ ಮೇಲೆ ಬಂದಿದ್ದರೆ, ಕೈ ಇಟ್ಟ ಜಾಗದಲ್ಲೇ ಮೊದಲು ಹುಡುಕಬೇಕು. ಮುಂಚೆ ಇದ್ದದ್ದೇ ಮುಂದುವರಿದಿದ್ದರೆ, ಬದಲಾಯಿಸಿದ ಸಾಮಾನು ಕಾರಣವೇ ಆಗಿರಲಿಲ್ಲ ಅಂತ ತಿಳಿಯಬೇಕು. ಎರಡರಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಹೆಡ್ ಬಿಚ್ಚುವುದು ಕೊನೆಗೆ. ಕ್ರಮ ತಪ್ಪಿಸಿ ಎರಡು ಮೂರು ಸಾಮಾನು ಒಟ್ಟಿಗೆ ಬದಲಾಯಿಸಿದರೆ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಇಲ್ಲಿ ಹೇಳಿರುವುದು ಹಳೇ ಬೊಲೆರೊ ಪಿಕಪ್, ಟಾಟಾ 207ರಂಥ, ಮುಂದೆ ರೇಡಿಯೇಟರ್ ಇದ್ದು ಬೆಲ್ಟ್‌ನಿಂದ ಫ್ಯಾನ್ ತಿರುಗುವ ಡೀಸೆಲ್ ಗಾಡಿಗಳಿಗೆ. ಪೆಟ್ರೋಲ್ ಗಾಡಿಗೂ ಬಹುಪಾಲು ಅನ್ವಯಿಸುತ್ತದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಬಂದೂಕಿನಂತೆ ಹಿಡಿದು ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಇದ್ದರೆ ಅರ್ಧ ಕೆಲಸ ಆದಂತೆ. ಅದರ ಜೊತೆಗೆ ಟಾರ್ಚ್, ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್, ಲಾಳಿಕೆ, ಚಕ್ರಕ್ಕೆ ಅಡ್ಡ ಇಡಲು ಎರಡು ಕಲ್ಲು ಅಥವಾ ಮರದ ತುಂಡು, ದಪ್ಪ ಬಟ್ಟೆ, ಡಿಸ್ಟಿಲ್ಡ್ ವಾಟರ್ ಮತ್ತು ನಿಮ್ಮ ಗಾಡಿಗೆ ಹೇಳಿರುವ ಕೂಲಂಟ್. ರೇಡಿಯೇಟರ್ ಪ್ರೆಶರ್ ಟೆಸ್ಟರ್ ಮತ್ತು ಗ್ಯಾಸ್ಕೆಟ್ ಲೀಕ್ ನೋಡುವ ನೀಲಿ ದ್ರಾವಣದ ಕಿಟ್ ಕೊಳ್ಳಬೇಕಾಗಿಲ್ಲ. ಅವು ಇರುವ ಗ್ಯಾರೇಜಿನಲ್ಲಿ ಪರೀಕ್ಷೆ ಮಾತ್ರ ಮಾಡಿಸಿದರೆ ಸಾಕು.

ಎರಡು ಎಚ್ಚರಿಕೆ. ಬಿಸಿ ಇಂಜಿನ್‌ನ ರೇಡಿಯೇಟರ್ ಕ್ಯಾಪನ್ನು ಯಾವ ಅವಸರಕ್ಕೂ ತೆಗೆಯಬೇಡಿ. ಒಳಗಿನ ನೀರು ನೂರು ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಕುದಿಯದೆ ಕೂತಿರುತ್ತದೆ. ಕ್ಯಾಪ್ ಸಡಿಲವಾದ ಕ್ಷಣ ಎಲ್ಲ ಒಟ್ಟಿಗೆ ಆವಿಯಾಗಿ ಮುಖಕ್ಕೆ ಹಾರುತ್ತದೆ. ಮೇಲಿನ ಹೋಸ್ ಪೈಪನ್ನು ಬರಿಗೈಲಿ ಹಿಡಿದುಕೊಳ್ಳುವಷ್ಟು ತಣ್ಣಗಾಗಲಿ. ಇನ್ನೊಂದು, ಇಳಿಸಿದ ಕೂಲಂಟನ್ನು ಬಕೆಟ್‌ನಲ್ಲಿ ತೆರೆದು ಬಿಡಬೇಡಿ, ನೆಲಕ್ಕೂ ಚೆಲ್ಲಬೇಡಿ. ಅದು ಸಿಹಿ ಇರುತ್ತದೆ, ವಿಷವೂ ಹೌದು. ಗಾಡಿ ನಿಲ್ಲಿಸುವ ಅಂಗಳದಲ್ಲೇ ಹಸು ಕಟ್ಟುವವರು, ನಾಯಿ ಸಾಕಿದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

## ಹಂತ 1: ನಿಜವಾಗಿಯೂ ಹೀಟ್ ಆಗುತ್ತಿದೆಯೇ?

ಮೀಟರ್ ಸುಳ್ಳು ಹೇಳುವುದು ರಿಪೇರಿ ಆದ ಗಾಡಿಗಳಲ್ಲಿ ಮಾಮೂಲು. ಹೆಡ್ ಇಳಿಸಿದಾಗ ಬಿಚ್ಚಿದ ಅರ್ತ್ ವೈರನ್ನು ವಾಪಸ್ ಬಿಗಿ ಮಾಡಿರುವುದಿಲ್ಲ, ಇಲ್ಲವೇ ಬೇರೆ ಗಾಡಿಯ ಟೆಂಪರೇಚರ್ ಸೆನ್ಸಾರ್ ಕೂರಿಸಿರುತ್ತಾರೆ.

ಇಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ. ಲೈಟ್ ಹತ್ತಿದ ಕೂಡಲೇ ಮುಳ್ಳು ಮೇಲೆದ್ದು, ಆರಿಸಿದಾಗ ಇಳಿದರೆ ಅದು ಅರ್ತ್ ತೊಂದರೆ. ನೀರು ಅಷ್ಟು ಬೇಗ ಕಾಯುವುದೂ ಇಲ್ಲ, ಆರುವುದೂ ಇಲ್ಲ.

ಆಮೇಲೆ ಥರ್ಮಾಮೀಟರ್‌ನಿಂದ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ತೆರೆದು ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ಕೂರುವ ಹೌಸಿಂಗ್ ಅಳೆಯಿರಿ. ಹೊಳೆಯುವ ಅಲ್ಯುಮಿನಿಯಂ ಮೇಲೆ ಈ ಯಂತ್ರ ಕಡಿಮೆ ತೋರಿಸುತ್ತದೆ; ಅಳೆಯುವ ಜಾಗಕ್ಕೆ ಸ್ವಲ್ಪ ಕಪ್ಪು ಬಣ್ಣ ಬಳಿದುಕೊಳ್ಳಿ. 85ರಿಂದ 95 ಡಿಗ್ರಿ ಒಳಗಿದ್ದರೆ ಇಂಜಿನ್ ಆರಾಮಾಗಿದೆ, ಮೀಟರ್ ನೋಡಿ. 105 ದಾಟಿದ್ದರೆ ಇಂಜಿನ್ ಆಫ್ ಮಾಡಿ ಮುಂದಿನ ಹಂತಕ್ಕೆ ಬನ್ನಿ.

## ಹಂತ 2: ಯಾವಾಗ ಹೀಟ್ ಆಗುತ್ತದೆ, ಬರೆದಿಡಿ

ಇಲ್ಲಿ ಒಂದು ದಿನ ಕಳೆದರೂ ನಷ್ಟವಿಲ್ಲ. ಗ್ಯಾರೇಜಿನವರಿಗೆ "ಹೀಟ್ ಆಗ್ತದೆ" ಅಂತಷ್ಟೇ ಹೇಳಿದರೆ ಅವರು ತಮಗೆ ತೋಚಿದ್ದನ್ನು ಬಿಚ್ಚುತ್ತಾರೆ.

ನಿಂತಲ್ಲೇ, ಟ್ರಾಫಿಕ್‌ನಲ್ಲಿ ಏರಿ, ಓಡಿದಾಗ ಇಳಿಯುತ್ತಿದ್ದರೆ ಗಾಳಿ ಸಾಲದು: ಫ್ಯಾನ್, ಬೆಲ್ಟ್, ಫ್ಯಾನ್ ಕವರ್.

ಊರೊಳಗೆ ಚೆನ್ನಾಗಿದ್ದು ಹೈವೇಯಲ್ಲಿ ವೇಗ ಹಿಡಿದಾಗ ಏರುತ್ತಿದ್ದರೆ ನೀರು ಹರಿಯುತ್ತಿಲ್ಲ: ಕಟ್ಟಿದ ರೇಡಿಯೇಟರ್, ಒಳಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್, ಪೂರ್ತಿ ತೆರೆಯದ ಥರ್ಮೋಸ್ಟಾಟ್.

ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕೆ ಏರಿದರೆ ಏರ್ ಲಾಕ್ (ಒಳಗೆ ಸಿಕ್ಕಿಕೊಂಡು ನೀರು ತಡೆಯುವ ಗಾಳಿ), ಮುಚ್ಚಿಕೊಂಡೇ ಇರುವ ಥರ್ಮೋಸ್ಟಾಟ್, ಅಥವಾ ಗ್ಯಾಸ್ಕೆಟ್ ದಾಟಿ ನೀರಿಗೆ ಬರುತ್ತಿರುವ ಸಿಲಿಂಡರ್ ಗ್ಯಾಸ್.

ಲೋಡ್ ಇದ್ದಾಗ ಮಾತ್ರ ಏರಿದರೆ ಹಂತ 7 ಮತ್ತು 10 ಓದದೆ ಬಿಡಬೇಡಿ. ಮುಳ್ಳು ಕೆಳಗಿದ್ದು ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿ, ಮತ್ತೆ ಬಿದ್ದು, ಹೀಗೆ ಕುಣಿಯುತ್ತಿದ್ದರೆ ಸೆನ್ಸಾರ್ ಸುತ್ತ ನೀರಿನ ಬದಲು ಗಾಳಿ ಇದೆ ಅಂತ ಬಹುಮಟ್ಟಿಗೆ ಖಚಿತ.

## ಹಂತ 3: ಗಾಳಿ ತೆಗೆಯುವುದು

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ನೀರು ಇಳಿಸಿ ಮಾಡಿದ ಯಾವುದೇ ರಿಪೇರಿಯ ನಂತರ ಒಳಗೆ ಗಾಳಿ ಉಳಿಯುತ್ತದೆ. ಮೇಲಿಂದ ಸುರಿದು ರೇಡಿಯೇಟರ್ ತುಂಬಿತು ಅಂದ ಮಾತ್ರಕ್ಕೆ ಹೆಡ್ ಒಳಗೆ ತುಂಬಿದೆ ಅಂತಲ್ಲ.

ಮೊದಲು ಒಂದು ಲೆಕ್ಕ. ಕೈಪಿಡಿಯಲ್ಲಿ 8 ಲೀಟರ್ ಅಂತಿದ್ದು, ಪೂರ್ತಿ ಖಾಲಿ ಮಾಡಿದ ಗಾಡಿಗೆ 6 ಲೀಟರ್ ಮಾತ್ರ ಹಿಡಿಸಿದ್ದರೆ, ಉಳಿದ 2 ಲೀಟರ್ ಜಾಗದಲ್ಲಿ ಇರುವುದು ಗಾಳಿ ಅಥವಾ ಇಳಿಯದೆ ಉಳಿದ ಹಳೇ ನೀರು. ಎಷ್ಟು ಸುರಿದಿರಿ ಅಂತ ಅಳೆದೇ ಸುರಿಯಿರಿ.

ಗಾಡಿ ತಣ್ಣಗಿರುವಾಗ ಮುಂಭಾಗ ಎತ್ತರವಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ರೇಡಿಯೇಟರ್ ಬಾಯಿ ಇಂಜಿನ್‌ಗಿಂತ ಮೇಲಿರಬೇಕು. ಹೀಟರ್ ಇದ್ದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿ. ಕ್ಯಾಪ್ ತೆಗೆಯಿರಿ. ಥರ್ಮೋಸ್ಟಾಟ್ ಹೌಸಿಂಗ್ ಹತ್ತಿರ ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ. ಇಲ್ಲದಿದ್ದರೆ ಎಲ್ಲಕ್ಕಿಂತ ಮೇಲಿರುವ ಸಣ್ಣ ಹೋಸ್‌ನ ಕ್ಲಿಪ್ ಸಡಿಲಿಸಿದರೂ ಆದೀತು.

ನಿಧಾನವಾಗಿ ಸುರಿಯಿರಿ. ಸಡಿಲಿಸಿದ ಜಾಗದಲ್ಲಿ ಮೊದಲು ಬುಸ್ ಅನ್ನುತ್ತದೆ, ಆಮೇಲೆ ಗುಳ್ಳೆ ಬೆರೆತ ನೀರು, ಕೊನೆಗೆ ಗುಳ್ಳೆ ಇಲ್ಲದ ಒಂದೇ ಸಮ ಧಾರೆ. ಧಾರೆ ಕಂಡ ಮೇಲೆ ಬಿಗಿ ಮಾಡಿ. ಈಗ ಕ್ಯಾಪ್ ಹಾಕದೆಯೇ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಬಿಡಿ. ಮೇಲಿನ ಹೋಸನ್ನು ಫ್ಯಾನ್‌ಗೆ ಕೈ ತಾಗದಂತೆ ಆಗಾಗ ಒತ್ತಿ ಬಿಡಿ; ಒತ್ತಿದಾಗಲೆಲ್ಲ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಏಳುತ್ತದೆ. ಥರ್ಮೋಸ್ಟಾಟ್ ತೆರೆದ ಕೂಡಲೇ ನೀರಿನ ಮಟ್ಟ ದಿಢೀರನೆ ಇಳಿಯುತ್ತದೆ, ಮೇಲಿನ ಹೋಸ್ ಬಿಸಿಯಾಗುತ್ತದೆ. ಬಾಯಿಂದ ನೀರು ಉಕ್ಕುವಂತೆ ಕಂಡರೆ ಕೈ ಮುಖ ದೂರ ಇಟ್ಟು ಇಂಜಿನ್ ಆಫ್ ಮಾಡಿ. ಉಕ್ಕದಿದ್ದರೆ ಮತ್ತೆ ತುಂಬಿಸಿ, ಐದು ನಿಮಿಷ ಐಡಲ್‌ಗಿಂತ ಸ್ವಲ್ಪ ಹೆಚ್ಚು ರೇಸ್ ಇಟ್ಟು ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ.

ಮರುದಿನ ಬೆಳಗ್ಗೆ ತಣ್ಣಗಿರುವಾಗ ನೋಡಿ. ಮಟ್ಟ ಸ್ವಲ್ಪ ಇಳಿದಿದ್ದರೆ ತುಂಬಿಸಿ, ಅದು ಸಹಜ. ಅದರ ಮರುದಿನವೂ, ಅದರಾಚೆಯ ದಿನವೂ ಇಳಿಯುತ್ತಲೇ ಇದ್ದರೆ ನೀರು ಎಲ್ಲಿಗೋ ಹೋಗುತ್ತಿದೆ.

ಗುಳ್ಳೆ ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ನೇರ ಹಂತ 9ಕ್ಕೆ ಹೋಗಿ.

## ಹಂತ 4: ರೇಡಿಯೇಟರ್ ಕ್ಯಾಪ್

ಕಡಿಮೆ ಬೆಲೆಯ ಸಾಮಾನು ಅಂತ ಯಾರೂ ಇದರ ಕಡೆ ತಿರುಗಿ ನೋಡುವುದಿಲ್ಲ. ಮಂಡ್ಯ, ಮೈಸೂರು ಸಮುದ್ರ ಮಟ್ಟದಿಂದ ಸುಮಾರು 680ರಿಂದ 770 ಮೀಟರ್ ಎತ್ತರದಲ್ಲಿವೆ. ಇಲ್ಲಿ ಬರೀ ನೀರು 100ಕ್ಕೆ ಬದಲು 97–98 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಸರಿ ಇದ್ದರೆ ಅದೇ ನೀರು 115 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ರಬ್ಬರ್ ಸೀಳಿದ, ಸ್ಪ್ರಿಂಗ್ ಸೋತ ಕ್ಯಾಪ್ ಇದ್ದರೆ ಆ ಅಂತರ ಪೂರ್ತಿ ಹೋಯಿತು. ಥರ್ಮೋಸ್ಟಾಟ್ ಸರಿಯಾಗಿ ತೆರೆದು ಎಲ್ಲ ಚೆನ್ನಾಗಿದ್ದರೂ ಗಾಡಿ ಉಕ್ಕುತ್ತದೆ.

ಕ್ಯಾಪ್ ಮೇಲೆ ಅಚ್ಚಾಗಿರುವ ಸಂಖ್ಯೆ ಕೈಪಿಡಿಯದಕ್ಕೆ ಹೊಂದಬೇಕು. ಹೆಚ್ಚಿನ ಒತ್ತಡದ್ದು ಹಾಕಿದರೆ ಒಳ್ಳೆಯದು ಅಂದುಕೊಂಡರೆ ಹಳೇ ರೇಡಿಯೇಟರ್‌ನ ಬೆಸುಗೆ ಬಿಡುತ್ತದೆ. ಕ್ಯಾಪ್ ನಡುವಿನ ಸಣ್ಣ ವಾಲ್ವನ್ನು ಉಗುರಿನಿಂದ ಎಳೆದು ಬಿಡಿ, ತಟ್ಟನೆ ವಾಪಸ್ ಕೂರಬೇಕು. ಅದು ಅಂಟಿಕೊಂಡಿದ್ದರೆ ಇಂಜಿನ್ ತಣ್ಣಗಾದಾಗ ಪಕ್ಕದ ಬಾಟಲಿಯ ಕೂಲಂಟ್ ರೇಡಿಯೇಟರ್‌ಗೆ ಮರಳುವುದಿಲ್ಲ. ಬಾಟಲಿ ತುಂಬಿ, ರೇಡಿಯೇಟರ್ ಖಾಲಿ, ಹೋಸ್ ಸಪ್ಪಗೆ ಒಳಕ್ಕೆ ಹೋಗಿರುವುದು: ಈ ಮೂರು ಕಂಡರೆ ಕ್ಯಾಪ್ ಬದಲಾಯಿಸಿ.

## ಹಂತ 5: ಥರ್ಮೋಸ್ಟಾಟ್

"ಅಣ್ಣಾ, ಥರ್ಮೋಸ್ಟಾಟ್ ಕಿತ್ತಾಕ್ಬುಟ್ಟಿವ್ನಿ, ಇನ್ ಹೀಟ್ ಆಗಕಿಲ್ಲ ಬುಡಿ" ಅನ್ನುವ ಫಿಟ್ಟರ್ ನಿಮ್ಮ ಹಿತೈಷಿಯೇ ಇರಬಹುದು, ಆದರೆ ಆ ಕೆಲಸ ಒಪ್ಪಬೇಡಿ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಬೈಪಾಸ್‌ನಲ್ಲೇ ಸುತ್ತುತ್ತದೆ, ಲೋಡ್‌ನಲ್ಲಿ ಗಾಡಿ ಇನ್ನೂ ಬೇಗ ಕಾಯುತ್ತದೆ. ಬೈಪಾಸ್ ತೊಂದರೆ ಇಲ್ಲದ ಇಂಜಿನ್‌ನಲ್ಲೂ ತಣ್ಣಗೆ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಸವೆಯುತ್ತದೆ.

ಪರೀಕ್ಷೆ ಒಲೆ ಮೇಲೆ. ಪಾತ್ರೆ ನೀರಿನಲ್ಲಿ ಥರ್ಮೋಸ್ಟಾಟನ್ನು ದಾರ ಕಟ್ಟಿ, ತಳ ಮುಟ್ಟದಂತೆ ನೇತುಹಾಕಿ ಕಾಯಿಸಿ. ಸಾಮಾನ್ಯವಾಗಿ 82 ಡಿಗ್ರಿ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುವಾಗಿ, ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿರಬೇಕು. ಅದರ ಮೇಲೇ ಡಿಗ್ರಿ ಅಚ್ಚಾಗಿರುತ್ತದೆ. ಅಡುಗೆಮನೆಯಲ್ಲಿ ಬೈಸಿಕೊಳ್ಳದಿರಲು ಆ ಪಾತ್ರೆಯನ್ನು ಗ್ಯಾರೇಜಿಗೇ ಮೀಸಲಿಡಿ.

ಕೂರಿಸುವಾಗ ಸ್ಪ್ರಿಂಗ್ ಇರುವ ಬದಿ ಇಂಜಿನ್ ಒಳಕ್ಕೆ. ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಅದು ಮೇಲ್ತುದಿಗೆ ಬರಬೇಕು, ಗಾಳಿ ಅದರ ಮೂಲಕ ಹೊರಹೋಗುತ್ತದೆ.

## ಹಂತ 6: ಫ್ಯಾನ್, ಬೆಲ್ಟ್, ಕವರ್

ವಾಟರ್ ಬಾಡಿ ಬದಲಾಯಿಸುವಾಗ ಫ್ಯಾನ್ ಬಿಚ್ಚಿರುತ್ತಾರೆ, ಹಿಂದುಮುಂದಾಗಿ ಕೂರಿಸಿಬಿಡುವುದುಂಟು. ಇಂಜಿನ್ ಓಡುವಾಗ ಮುಂದಿನ ಗ್ರಿಲ್ ಹತ್ತಿರ ಒಂದು ಹಾಳೆ ಹಿಡಿಯಿರಿ. ಗ್ರಿಲ್‌ಗೆ ಅಂಟಿಕೊಂಡರೆ ಸರಿ. ಸಡಿಲವಾಗಿ ಜೋಲಾಡಿದರೆ ಅಥವಾ ಹೊರಕ್ಕೆ ತಳ್ಳಿದರೆ ಫ್ಯಾನ್ ತಪ್ಪಾಗಿದೆ. ಕರೆಂಟ್ ಫ್ಯಾನ್ ಇದ್ದರೆ ವೈರ್ ಅದಲುಬದಲಾಗಿ ಉಲ್ಟಾ ತಿರುಗುತ್ತಿರಬಹುದು.

ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10–12 ಮಿಲಿಮೀಟರ್ ಇಳಿಯಬೇಕು. ಎಣ್ಣೆ ತಾಗಿದ ಬೆಲ್ಟ್ ಬಿಗಿ ಇದ್ದರೂ ಜಾರುತ್ತದೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರ್ ಒಡೆದಿತ್ತು ಅಂತ ಕಿತ್ತು ಎಸೆದಿದ್ದರೆ ಹುಡುಕಿ ಹಾಕಿಸಿ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಎಳೆಯುವ ಬದಲು ಬದಿಯಲ್ಲಿರುವ ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ.

ವಿಸ್ಕಸ್ ಕಪ್ಲಿಂಗ್ (ಬಿಸಿಯಾದಾಗ ಮಾತ್ರ ಫ್ಯಾನನ್ನು ಬಿಗಿಯಾಗಿ ಹಿಡಿಯುವ ಜೋಡಣೆ) ಇರುವ ಫ್ಯಾನನ್ನು, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆಯಬೇಕು. ಗಿರಗಿರನೆ ತಿರುಗಿದರೆ ಕಪ್ಲಿಂಗ್ ಹೋಗಿದೆ.

## ಹಂತ 7: ರೇಡಿಯೇಟರ್ ಮತ್ತು ಹೋಸ್

ನಮ್ಮ ಕಡೆಯ ಗಾಡಿಗಳ ರೇಡಿಯೇಟರ್‌ಗೆ ಎರಡು ಕಡೆಯಿಂದ ಏಟು. ಹೊರಗೆ ಕಬ್ಬಿನ ಸೋಗೆ ಚೂರು, ಭತ್ತದ ಹೊಟ್ಟು, ಗದ್ದೆ ಬಯಲಿನ ಕೆಸರು. ಒಳಗೆ ಬೋರ್ ನೀರಿನ ಸುಣ್ಣ, ದಾರಿಯಲ್ಲಿ ವಿ.ಸಿ. ನಾಲೆಯಿಂದ ಮೊಗೆದು ಸುರಿದ ನೀರಿನ ಗೋಡು.

ಹೊರಗಿನದಕ್ಕೆ ಇಂಜಿನ್ ಕಡೆಯಿಂದ ಮುಂದಕ್ಕೆ, ಸಾಧಾರಣ ಪೈಪ್ ನೀರು ಬಿಡಿ. ಸರ್ವಿಸ್ ಸ್ಟೇಷನ್‌ನ ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳೆಲ್ಲ ಮಡಚಿಕೊಂಡು ಗಾಳಿ ದಾರಿಯೇ ಮುಚ್ಚುತ್ತದೆ. ಎಸಿ ಇದ್ದರೆ ಅದರ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ನೋಡಿ, ಹೊಟ್ಟು ಸೇರಿಕೊಳ್ಳುವುದು ಅಲ್ಲೇ.

ಒಳಗಿನದನ್ನು ಥರ್ಮಾಮೀಟರ್ ಹೇಳುತ್ತದೆ. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಖವನ್ನು ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಅಳೆಯಿರಿ. ಶಾಖ ಕ್ರಮೇಣ ಇಳಿಯಬೇಕು; ಮಧ್ಯದಲ್ಲಿ ಒಂದು ಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿನ ಟ್ಯೂಬ್ ಕಟ್ಟಿದೆ. ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ. ಎರಡೂ ಒಂದೇ ಸಮ ಸುಡುತ್ತಿದ್ದರೆ ನೀರು ಹರಿಯುತ್ತಿದೆ, ಗಾಳಿ ಸಾಲದು, ಹಂತ 6ಕ್ಕೆ ವಾಪಸ್ ಹೋಗಿ.

ಲೀಕ್ ನಿಲ್ಲಲಿ ಅಂತ ಅರಿಶಿನ ಪುಡಿ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ಊರು ಮುಟ್ಟುವ ತನಕ ಅದು ಉಪಕಾರ ಮಾಡಬಹುದು, ಆದರೆ ಸಣ್ಣ ಟ್ಯೂಬ್‌ಗಳಲ್ಲೂ ಅದೇ ಹೋಗಿ ಕೂರುತ್ತದೆ. ಗ್ಯಾಸ್ಕೆಟ್‌ಗೆ ಧಾರಾಳವಾಗಿ ಮೆತ್ತಿದ ಸಿಲಿಕಾನ್ ಪೇಸ್ಟ್ ಕೂಡ ಹೀಗೆಯೇ: ಹೊರಗೆ ಎಷ್ಟು ಪಿಸುಕಿ ಬಂದಿದೆಯೋ ಅಷ್ಟೇ ಒಳಕ್ಕೂ ಪಿಸುಕಿರುತ್ತದೆ, ಅದು ಕಿತ್ತು ಬಂದು ರೇಡಿಯೇಟರ್ ಸೇರುತ್ತದೆ.

ಕೆಳಗಿನ ಹೋಸ್ ಹೊಸದಾಗಿದ್ದರೆ ಹಳೆಯದರಲ್ಲಿದ್ದ ಸ್ಪ್ರಿಂಗ್ ಹೊಸದರೊಳಗೂ ಇದೆಯೇ ಕೇಳಿ. ಇಲ್ಲದಿದ್ದರೆ ರೇಸ್ ಮಾಡಿದಾಗ ವಾಟರ್ ಬಾಡಿಯ ಎಳೆತಕ್ಕೆ ಹೋಸ್ ಚಪ್ಪಟೆಯಾಗುತ್ತದೆ. ಒಬ್ಬರು ಆಕ್ಸಿಲರೇಟರ್ ಒತ್ತಲಿ, ಇನ್ನೊಬ್ಬರು ಟಾರ್ಚ್ ಬಿಟ್ಟು ನೋಡಲಿ.

## ಹಂತ 8: ವಾಟರ್ ಬಾಡಿ

ಹೊಸದು ಅಂತ ನಂಬಬೇಡಿ. ಕೆಳಗಿನ ಸಣ್ಣ ತೂತಿನಿಂದ ಹನಿ ಬೀಳುತ್ತಿದ್ದರೆ ಸೀಲ್ ಹೋಗಿದೆ. ಫ್ಯಾನ್ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಬೇರಿಂಗ್. ಹನಿಯೂ ಇಲ್ಲ, ಆಟವೂ ಇಲ್ಲ, ಆದರೂ ನೀರು ಸುತ್ತುತ್ತಿಲ್ಲ ಅಂದರೆ ಒಳಗಿನ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಶಾಫ್ಟ್ ಮೇಲೆ ಜಾರುತ್ತಿರಬಹುದು. ಬಿಚ್ಚಿದಾಗ ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ರೆಕ್ಕೆಯ ಎತ್ತರ, ದಿಕ್ಕು ಹೋಲಿಸಿ. ಇದಕ್ಕೇ ಹಳೇ ಸಾಮಾನನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬಾರದು.

## ಹಂತ 9: ಹೆಡ್ ಮತ್ತು ಗ್ಯಾಸ್ಕೆಟ್

ಇಲ್ಲಿಯವರೆಗಿನದೆಲ್ಲ ಸರಿ ಇದ್ದರೆ, ಇಲ್ಲವೇ ಹಂತ 3ರಲ್ಲಿ ಗುಳ್ಳೆ ನಿಲ್ಲದಿದ್ದರೆ ಮಾತ್ರ ಈ ಅನುಮಾನ. ಎಚ್ಚರಿಕೆಯ ಗುರುತುಗಳು ಇವು: ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಹೊರಗೆ ಹನಿ ಇಲ್ಲದೆ ನೀರು ಕಡಿಮೆಯಾಗುವುದು, ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ, ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆತ ಬಣ್ಣದ ಎಣ್ಣೆ. ಕೊನೆಯದು ಕಂಡರೆ ಗಾಡಿ ಓಡಿಸಲೇಬೇಡಿ, ಬೇರಿಂಗ್‌ಗಳು ಹೋಗುತ್ತವೆ.

ಖಚಿತಕ್ಕೆ ನೀಲಿ ದ್ರಾವಣದ ಪರೀಕ್ಷೆ ಮಾಡಿಸಿ. ರೇಡಿಯೇಟರ್ ಬಾಯಿಯ ಗಾಳಿಯನ್ನು ದ್ರಾವಣದ ಮೂಲಕ ಎಳೆದಾಗ ಸುಟ್ಟ ಗ್ಯಾಸ್ ಇದ್ದರೆ ಬಣ್ಣ ತಿರುಗುತ್ತದೆ, ಪೆಟ್ರೋಲ್ ಇಂಜಿನ್‌ಗೆ ಹಳದಿ, ಡೀಸೆಲ್‌ಗೆ ಹಸಿರು. ಡೀಸೆಲ್ ಗಾಡಿಯನ್ನು ಬರೀ ಐಡಲ್‌ನಲ್ಲಿಟ್ಟು ನೋಡಿದರೆ ಸಣ್ಣ ಲೀಕ್ ತಪ್ಪಿಸಿಕೊಳ್ಳುತ್ತದೆ, ರೇಸ್ ಕೊಟ್ಟೇ ನೋಡಬೇಕು.

ಹೆಡ್ ಇಳಿಸಲೇಬೇಕಾಯಿತು ಅಂದರೆ ಎದುರಿಗಿದ್ದು ಐದು ವಿಷಯ ನೋಡಿಕೊಳ್ಳಿ. ಗ್ಯಾಸ್ಕೆಟ್‌ನ ನೀರಿನ ತೂತುಗಳು ಬ್ಲಾಕ್‌ನ ತೂತುಗಳ ಮೇಲೆ ಕೂರುತ್ತವೆಯೇ. ಮೇಲು ಕೆಳಗಾದರೆ ದಾರಿ ಮುಚ್ಚುತ್ತದೆ. ಡೀಸೆಲ್ ಇಂಜಿನ್‌ಗೆ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ, ಅಂಚಿನ ಕಚ್ಚು ಅಥವಾ ತೂತು ಎಣಿಸಿ ಸರಿಯಾದದ್ದೇ ತರಿಸಿ. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ, 0.05 ಮಿಲಿಮೀಟರ್‌ನ ಎಲೆ ಸಲೀಸಾಗಿ ನುಗ್ಗಿದರೆ ಕೈಪಿಡಿಯ ಮಿತಿ ನೋಡಿ ಲೇತ್‌ಗೆ ಕಳಿಸಬೇಕು, ಬಿರುಕು ಇದೆಯೇ ಅಂತಲೂ ಅಲ್ಲೇ ಕೇಳಬೇಕು. ಬೋಲ್ಟ್ ತೂತುಗಳಲ್ಲಿ ನೀರು, ಎಣ್ಣೆ ಉಳಿದಿರಬಾರದು, ಬಿಗಿದಾಗ ಬ್ಲಾಕೇ ಸೀಳಬಹುದು. ಬಿಗಿಯುವುದು ಟಾರ್ಕ್ ರೆಂಚ್‌ನಲ್ಲಿ, ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ. "ಕೈ ಅಂದಾಜಲ್ಲೇ ಗೊತ್ತಾಗ್ತದೆ ಬುಡಿ" ಅಂದರೆ ಬೇರೆ ಗ್ಯಾರೇಜ್ ನೋಡಿ.

## ಹಂತ 10: ನೀರಿಗೆ ಸಂಬಂಧವೇ ಇಲ್ಲದ ಕಾರಣಗಳು

ಗಾಡಿ ಜೋರಾಗಿ ಎಳೆಯಲಿ ಅಂತ ಪಂಪ್‌ನಿಂದ ಡೀಸೆಲ್ ಹೆಚ್ಚು ಬೀಳುವಂತೆ ಮಾಡಿಸಿದ್ದರೆ ಕಪ್ಪು ಹೊಗೆಯ ಜೊತೆ ಶಾಖವೂ ಏರುತ್ತದೆ. ಟೈಮಿಂಗ್ ಕೆಲಸದ ನಂತರ ಇಂಧನ ತಡವಾಗಿ ಬೀಳುತ್ತಿದ್ದರೂ ಅಷ್ಟೇ. ಬ್ರೇಕ್ ಹಿಡಿದುಕೊಂಡಿದ್ದರೆ ಇಂಜಿನ್ ಸದಾ ಎಳೆಯುತ್ತಲೇ ಇರುತ್ತದೆ: ಸ್ವಲ್ಪ ದೂರ ಓಡಿಸಿ ನಾಲ್ಕೂ ಚಕ್ರದ ನಡುಭಾಗ ಅಳೆಯಿರಿ, ಒಂದು ಮಾತ್ರ ಸಿಕ್ಕಾಪಟ್ಟೆ ಬಿಸಿ ಇದ್ದರೆ ಸಿಕ್ಕಿತು. ಸಿಲಿಂಡರ್ ಬೋರ್ ಕೆಲಸ ಆದ ಇಂಜಿನ್ ಮೊದಮೊದಲು ಕೊಂಚ ಬಿಸಿ ಓಡುವುದು ಸಹಜ, ಕೆಂಪಿಗೆ ಹೋಗುವುದು ಸಹಜವಲ್ಲ. ಇನ್ನು ಆರ್.ಸಿ.ಯಲ್ಲಿರುವ ತೂಕದ ದುಪ್ಪಟ್ಟು ಕಬ್ಬು ಹೇರಿದರೆ ಯಾವ ರೇಡಿಯೇಟರೂ ಕಾಪಾಡದು.

## ಹಂತ 11: ಓಡಿಸಿ ನೋಡುವುದು

ಗಾಳಿ ತೆಗೆದ ದಿನವೇ ಬಾಡಿಗೆಗೆ ಹೋಗಬೇಡಿ. ಮೊದಲು ಮನೆ ಮುಂದೆ 20 ನಿಮಿಷ ಐಡಲ್. ಆಮೇಲೆ ಖಾಲಿ ಗಾಡಿಯಲ್ಲಿ ಊರೊಳಗಿನ ನಿಧಾನದ ಓಡಾಟ. ಮಂಡ್ಯದಲ್ಲಾದರೆ ಸಂಜೆಯ 100 ಅಡಿ ರಸ್ತೆ ಸಾಕು. ಅದರ ನಂತರ ಸಮತಟ್ಟಾದ ಹೆದ್ದಾರಿ. ಪ್ರತಿ ಸಲ ನಿಲ್ಲಿಸಿ ಥರ್ಮೋಸ್ಟಾಟ್ ಹೌಸಿಂಗ್ ಶಾಖ ಬರೆದುಕೊಳ್ಳಿ. ಕೊನೆಗೆ ಅರ್ಧ ಲೋಡ್ ಹಾಕಿ ಏರು: ಪಾಂಡವಪುರದಿಂದ ಜಕ್ಕನಹಳ್ಳಿ ಮೇಲೆ ಮೇಲುಕೋಟೆ ಬೆಟ್ಟ ಹತ್ತಿಸಿ. ಎರಡನೇ ಗೇರ್‌ನಲ್ಲಿ ಏರುವಾಗ ಮುಳ್ಳು ಸ್ವಲ್ಪ ಏರಿ, ಮೇಲೆ ಹೋಗಿ ಐಡಲ್‌ನಲ್ಲಿ ಬಿಟ್ಟಾಗ ವಾಪಸ್ ಇಳಿದರೆ ಗಾಡಿ ಸರಿ ಇದೆ. ಇಳಿಯದೆ ಅಲ್ಲೇ ನಿಂತರೆ ಹಂತ 6 ಮತ್ತು 7 ಮತ್ತೊಮ್ಮೆ ನೋಡಿ.

ದಾರಿಯಲ್ಲಿ ಕೆಂಪಿಗೆ ಹೋದರೆ ಪಕ್ಕಕ್ಕೆ ನಿಲ್ಲಿಸಿ. ಆವಿ ಇಲ್ಲ, ನೀರು ಚೆಲ್ಲಿಲ್ಲ, ಬೆಲ್ಟ್ ಇದೆ ಅಂದರೆ ಒಂದೆರಡು ನಿಮಿಷ ಐಡಲ್‌ನಲ್ಲೇ ಬಿಡಿ, ಹೀಟರ್ ಇದ್ದರೆ ಹಾಕಿ, ಮುಳ್ಳು ಇಳಿಯುತ್ತದೆ. ಇಳಿಯದಿದ್ದರೆ ಅಥವಾ ಆವಿ ಬಂದರೆ, ಬೆಲ್ಟ್ ಹರಿದಿದ್ದರೆ, ತಕ್ಷಣ ಆಫ್ ಮಾಡಿ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಕಾದ ಇಂಜಿನ್ ಮೇಲಾಗಲಿ ಒಳಗಾಗಲಿ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ದಾರಿಯಲ್ಲಿ ಯಾವ ನೀರು ಸಿಕ್ಕಿದರೂ ಹಾಕಿಕೊಂಡು ಮನೆ ಸೇರಬಹುದು, ಆದರೆ ಆ ವಾರದಲ್ಲೇ ಅದನ್ನು ಇಳಿಸಿ, ತೊಳೆದು, ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟನ್ನು ಡಬ್ಬಿ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ತುಂಬಿಸಿ, ಹಂತ 3ರ ಪ್ರಕಾರ ಗಾಳಿ ತೆಗೆಯಿರಿ.